ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸನ್ನು ವಿಎಂ ಒಳಗೆ ಹಾಕಬಹುದಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ವರ್ಚುವಲ್ ಮಷೀನ್ ಬಗ್ಗೆ ಬರೆದಿದ್ದೆವು. ಅಂದರೆ ಇರುವ ಕಂಪ್ಯೂಟರ್ ಒಳಗೇ ಸಾಫ್ಟ್‌ವೇರ್ ಮೂಲಕ ಇನ್ನೊಂದು ಕಂಪ್ಯೂಟರ್ ಸೃಷ್ಟಿಸಿಕೊಳ್ಳುವುದು, ಚಿಕ್ಕದಾಗಿ ವಿಎಂ. ಅದನ್ನು ಮಾಡುವುದು ಹೇಗೆ ಅಂತ ಹೆಚ್ಚು ಜನ ಕೇಳಬಹುದು ಅಂದುಕೊಂಡಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ಲೈಸೆನ್ಸ್ ಬಗ್ಗೆಯೇ ಇವೆ. ಹಾಗಾಗಿ ಈ ಸಲ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಸರ್, ನನ್ನ ಲ್ಯಾಪ್‌ಟಾಪ್ ಜೊತೆ ವಿಂಡೋಸ್ 11 ಹೋಮ್ ಬಂದಿತ್ತು. ಅದನ್ನು ಅಳಿಸಿ ಉಬುಂಟು (ಉಚಿತ ಲಿನಕ್ಸ್) ಹಾಕಿಕೊಂಡೆ. ಈಗ ಕಾಲೇಜಿನ ಒಂದು ಸಾಫ್ಟ್‌ವೇರ್‌ಗೆ ವಿಂಡೋಸ್ ಬೇಕೇ ಬೇಕು. ವಿಎಂ ಮಾಡುವ ವರ್ಚುವಲ್‌ಬಾಕ್ಸ್‌ನಲ್ಲಿ ವಿಂಡೋಸ್ ಹಾಕಿದರೆ ಕೀ ಕೇಳುತ್ತಿದೆ. ನಾನು ದುಡ್ಡು ಕೊಟ್ಟ ಕೀ ಇದೇ ಲ್ಯಾಪ್‌ಟಾಪ್‌ನಲ್ಲಿ ಇದೆ ಅಲ್ವಾ? ಅದನ್ನೇ ಕೊಟ್ಟರೆ ತಪ್ಪಾ?
(ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಮೊದಲು ಅದು ಕೀ ಯಾಕೆ ಕೇಳುತ್ತಿದೆ ಅಂತ ನೋಡೋಣ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಲ್ಯಾಪ್‌ಟಾಪ್ ತಯಾರಕರು ಕೀಯನ್ನು ಸ್ಟಿಕ್ಕರ್ ಮೇಲೆ ಮುದ್ರಿಸುವುದು ಬಿಟ್ಟು ಮದರ್‌ಬೋರ್ಡಿನ ಫರ್ಮ್‌ವೇರ್ (ಯಂತ್ರವನ್ನು ಎಬ್ಬಿಸುವ ಮೂಲ ಸಾಫ್ಟ್‌ವೇರ್) ಒಳಗೇ ಬರೆದಿಡುತ್ತಾರೆ. ಎಂಎಸ್‌ಡಿಎಂ ಅನ್ನುವ ಒಂದು ಪುಟ್ಟ ಕೋಷ್ಟಕದಲ್ಲಿ ಅದು ಕೂತಿರುತ್ತದೆ. ಲ್ಯಾಪ್‌ಟಾಪ್ ಮೇಲೆ ನೇರವಾಗಿ ವಿಂಡೋಸ್ ಹಾಕಿದರೆ ಅದು ತಾನಾಗೇ ಅಲ್ಲಿಂದ ಕೀ ಓದಿಕೊಳ್ಳುತ್ತದೆ, ನಿಮ್ಮನ್ನು ಏನೂ ಕೇಳುವುದಿಲ್ಲ. ಆದರೆ ವಿಎಂಗೆ ಅದರದ್ದೇ ಒಂದು ಕೃತಕ ಫರ್ಮ್‌ವೇರ್ ಇರುತ್ತದೆ. ಅದರಲ್ಲಿ ಆ ಕೋಷ್ಟಕ ಇಲ್ಲ. ವಿಂಡೋಸ್ ಕಣ್ಣಿಗೆ ಅದು ಬೇರೆಯೇ ಕಂಪ್ಯೂಟರ್.

ಲೈಸೆನ್ಸ್ ಕಣ್ಣಿಗೂ ಹೆಚ್ಚುಕಡಿಮೆ ಹಾಗೆಯೇ. ವಿಂಡೋಸ್ 10 ಮತ್ತು 11ರ ಒಪ್ಪಂದದಲ್ಲಿ ‘ಡಿವೈಸ್’ ಅಂದರೆ ಏನು ಅಂತ ಬರೆದಿದ್ದಾರೆ. ಭೌತಿಕವಾದ್ದಾಗಲಿ, ವರ್ಚುವಲ್ ಆಗಲಿ, ಎರಡೂ ಡಿವೈಸೇ. ಒಂದು ಲೈಸೆನ್ಸ್‌ಗೆ ಒಂದು ಡಿವೈಸ್, ಒಂದು ಇನ್‌ಸ್ಟಾಲ್. ಎರಡನೇ ವಿಎಂ ಬೇಕಾದರೆ ಎರಡನೇ ಲೈಸೆನ್ಸ್. ಇಲ್ಲಿಯವರೆಗೆ ಗೊಂದಲ ಇಲ್ಲ. ಹಾಗಾಗಿ ಲ್ಯಾಪ್‌ಟಾಪ್ ಮೇಲೂ ವಿಂಡೋಸ್, ಅದರೊಳಗಿನ ವಿಎಂನಲ್ಲೂ ಅದೇ ಕೀಯ ವಿಂಡೋಸ್ ಅಂದರೆ ಖಂಡಿತ ನಡೆಯುವುದಿಲ್ಲ.

ನಿಮ್ಮದು ಆ ಥರ ಅಲ್ಲ. ನೀವು ಮೂಲ ವಿಂಡೋಸ್ ಅಳಿಸಿದ್ದೀರಿ, ಇರುವುದು ಒಂದೇ, ಅದೂ ಅದೇ ಲ್ಯಾಪ್‌ಟಾಪ್ ಒಳಗೆ. ಇಲ್ಲೇ ಎಲ್ಲರೂ ಜಗಳ ಆಡುವುದು. ಜೊತೆಯಲ್ಲಿ ಬಂದ ವಿಂಡೋಸ್‌ಗೆ ಓಇಎಂ ಲೈಸೆನ್ಸ್ ಅಂತಾರೆ. ಅದು ಯಾವ ಯಂತ್ರದ ಜೊತೆ ಬಂತೋ ಆ ಯಂತ್ರಕ್ಕೆ ಕಟ್ಟುಬಿದ್ದದ್ದು. ಲ್ಯಾಪ್‌ಟಾಪ್ ಮಾರಿದರೆ ಅದರ ಜೊತೆಗೇ ಹೋಗಬೇಕು, ಬಿಡಿಸಿ ಬೇರೆಯದಕ್ಕೆ ಹಾಕುವ ಹಾಗಿಲ್ಲ. ವಿಎಂ ಬೇರೆ ಡಿವೈಸ್ ಅಂತ ಒಪ್ಪಂದವೇ ಹೇಳುವಾಗ, ಲ್ಯಾಪ್‌ಟಾಪ್‌ನಿಂದ ವಿಎಂಗೆ ಹೋಗುವುದೂ ಬಿಡಿಸಿ ಹಾಕಿದ ಹಾಗೇ ಅನ್ನುವುದು ಒಂದು ವಾದ. ಯಂತ್ರ ಬದಲಾಗಿಲ್ಲ, ಒಂದೇ ಪ್ರತಿ ಓಡುತ್ತಿದೆ, ಭೌತಿಕವೋ ವರ್ಚುವಲ್ಲೋ ಯಾವುದಾದರೂ ಒಂದು ಅಂತ ಅವರೇ ಬರೆದಿದ್ದಾರೆ ಅನ್ನುವುದು ಇನ್ನೊಂದು ವಾದ.

ಎರಡನೇ ವಾದಕ್ಕೆ ಹಳೆಯ ಬೆಂಬಲವೂ ಇದೆ. ವಿಂಡೋಸ್ 7ರ ಒಪ್ಪಂದದಲ್ಲಿ ಈ ಮಾತು ಸ್ಪಷ್ಟವಾಗಿತ್ತು: ಕಂಪ್ಯೂಟರ್ ಮೇಲೆ ನೇರವಾಗಿ ಬಳಸುವ ಬದಲು ಅದೇ ಕಂಪ್ಯೂಟರ್ ಒಳಗಿನ ಒಂದು ವರ್ಚುವಲ್ ಯಂತ್ರದಲ್ಲಿ ಬಳಸಬಹುದು ಅಂತ. ವಿಂಡೋಸ್ 8ರಿಂದ ಆ ವಾಕ್ಯ ಬದಲಾಯಿತು. ‘ಅದೇ ಕಂಪ್ಯೂಟರ್ ಒಳಗೆ’ ಅನ್ನುವ ಭಾಗ ಹೋಗಿ ‘ಭೌತಿಕ ಅಥವಾ ವರ್ಚುವಲ್, ಒಂದೇ’ ಅನ್ನುವುದು ಬಂತು. ರೀಟೇಲ್ ಆಗಿ, ಅಂದರೆ ಅಂಗಡಿಯಲ್ಲಿ ಬಿಡಿಯಾಗಿ ಕೊಂಡವರಿಗೆ ಇದು ಅನುಕೂಲವೇ ಆಯಿತು. ಓಇಎಂನವರ ವಿಷಯವನ್ನು ಮಾತ್ರ ಗೋಜಲು ಮಾಡಿಟ್ಟರು.

ಇದಕ್ಕೂ ಹಿಂದೆ ಇನ್ನೂ ಕೆಟ್ಟದಾಗಿತ್ತು ಬಿಡಿ. 2007ರಲ್ಲಿ ವಿಂಡೋಸ್ ವಿಸ್ತಾ ಬಂದಾಗ ಹೋಮ್ ಬೇಸಿಕ್, ಹೋಮ್ ಪ್ರೀಮಿಯಂ ಎರಡನ್ನೂ ವಿಎಂನಲ್ಲಿ ಹಾಕಲೇಬಾರದು ಅಂತ ಬರೆದಿದ್ದರು, ಅಂಗಡಿಯಲ್ಲಿ ಪೂರ್ತಿ ದುಡ್ಡು ಕೊಟ್ಟು ಡಬ್ಬಿ ತಂದರೂ ಸರಿ. ತಾಂತ್ರಿಕವಾಗಿ ಅಡ್ಡಿ ಏನೂ ಇರಲಿಲ್ಲ, ಜಾಸ್ತಿ ಬೆಲೆಯ ಬಿಸಿನೆಸ್ ಅಥವಾ ಅಲ್ಟಿಮೇಟ್ ಕೊಳ್ಳಲಿ ಅಂತ ಅಷ್ಟೇ. ಜನ ಬೈದರು. 2008ರ ಜನವರಿಯಲ್ಲಿ ಆ ನಿಯಮ ತೆಗೆದರು.

ಈಗ ನಿಮಗೆ ನನ್ನ ಸಲಹೆ. ಫರ್ಮ್‌ವೇರ್‌ನ ಆ ಕೋಷ್ಟಕವನ್ನು ವಿಎಂ ಒಳಗೆ ದಾಟಿಸುವ ದಾರಿಗಳಿವೆ, ಲಿನಕ್ಸ್ ಬಳಸುವ ನಿಮಗೆ ಅದು ಕಷ್ಟವೂ ಅಲ್ಲ, ಕೆಲವರಿಗೆ ಆಕ್ಟಿವೇಟ್ ಕೂಡ ಆಗುತ್ತದೆ. ಆದರೆ ಆಕ್ಟಿವೇಟ್ ಆಯಿತು ಅಂದರೆ ಲೈಸೆನ್ಸ್ ಇದೆ ಅಂತ ಅರ್ಥ ಅಲ್ಲ, ಇದನ್ನು ಮಾತ್ರ ಮರೆಯಬೇಡಿ. ಮೈಕ್ರೋಸಾಫ್ಟ್‌ನ ಸರ್ವರ್ ನೋಡುವುದು ಕೀ ಸರಿಯಿದೆಯಾ ಅಂತ, ನಿಮ್ಮ ಹಕ್ಕನ್ನಲ್ಲ. ಆ ಗೋಜಲಿಗೆ ಬೀಳುವ ಬದಲು ಇಡೀ ವ್ಯವಸ್ಥೆಯನ್ನು ಉಲ್ಟಾ ಮಾಡಿ. ಲ್ಯಾಪ್‌ಟಾಪ್ ಮೇಲೆ ವಿಂಡೋಸನ್ನೇ ಮತ್ತೆ ಹಾಕಿ. ಅದು ನಿಮ್ಮ ಹಕ್ಕು, ಕೀ ಕೂಡ ತಾನಾಗೇ ಸಿಗುತ್ತದೆ. ಉಬುಂಟುವನ್ನು ವಿಎಂ ಒಳಗೆ ಹಾಕಿ. ಉಬುಂಟುವನ್ನು ಎಷ್ಟು ವಿಎಂನಲ್ಲಿ ಹಾಕಿದರೂ ಯಾರೂ ಕೇಳುವುದಿಲ್ಲ. ವರ್ಚುವಲ್‌ಬಾಕ್ಸ್ ಹೋಮ್ ಆವೃತ್ತಿಯಲ್ಲೂ ನಡೆಯುತ್ತದೆ. ಬರೀ ಕಮಾಂಡ್ ಸಾಕು ಅಂದರೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಇದೆ, ಅದೂ ಹೋಮ್‌ನಲ್ಲಿ ಸಿಗುತ್ತದೆ. ಉಬುಂಟುವನ್ನು ಬಿಟ್ಟಿರಲಾರೆ ಅಂದರೆ ಎರಡನ್ನೂ ಅಕ್ಕಪಕ್ಕ ಹಾಕಿ ಡ್ಯುಯಲ್ ಬೂಟ್ ಮಾಡಿ, ಆನ್ ಮಾಡುವಾಗ ಬೇಕಾದ್ದನ್ನು ಆರಿಸಿಕೊಳ್ಳಬಹುದು.

ಒಂದೆರಡು ತಿಂಗಳ ಪ್ರಾಜೆಕ್ಟ್‌ಗೆ ಮಾತ್ರ ಬೇಕಾದರೆ ಮೈಕ್ರೋಸಾಫ್ಟ್ ಸ್ವತಃ ವಿಂಡೋಸ್ 11 ಎಂಟರ್‌ಪ್ರೈಸ್‌ನ 90 ದಿನದ ಇವ್ಯಾಲ್ಯುಯೇಶನ್ ಪ್ರತಿ ಕೊಡುತ್ತದೆ. ಪರೀಕ್ಷಿಸಿ ನೋಡುವುದಕ್ಕೆ ಅಂತ ಕೊಡುವುದು. ವಿಎಂನಲ್ಲಿ ಹಾಕುವಾಗ ವರ್ಚುವಲ್ ಟಿಪಿಎಂ (ವಿಂಡೋಸ್ 11 ಕೇಳುವ ಸುರಕ್ಷತಾ ಚಿಪ್‌ನ ಕೃತಕ ರೂಪ) ಆನ್ ಮಾಡಿಕೊಳ್ಳಿ, ಇಲ್ಲವಾದರೆ ಈ ಕಂಪ್ಯೂಟರ್‌ಗೆ ಅರ್ಹತೆ ಇಲ್ಲ ಅಂತ ಹೊರಗೆ ಹಾಕುತ್ತದೆ.

ಪ್ರಶ್ನೆ: ನಮ್ಮ ಅಂಗಡಿಯ ಲೆಕ್ಕಪತ್ರದ ಹಳೇ ಸಾಫ್ಟ್‌ವೇರ್ ವಿಂಡೋಸ್ 7 ಕಂಪ್ಯೂಟರ್‌ನಲ್ಲಿದೆ. ಕಂಪ್ಯೂಟರ್ ಇವತ್ತೋ ನಾಳೆಯೋ ಅನ್ನುವ ಹಾಗಿದೆ. ರಿಪೇರಿ ಹುಡುಗ ಇಡೀ ಹಾರ್ಡ್ ಡಿಸ್ಕನ್ನು ಒಂದು ಫೈಲ್ ಮಾಡಿ ಹೊಸ ಕಂಪ್ಯೂಟರ್‌ನ ವಿಎಂನಲ್ಲಿ ಓಡಿಸಿಕೊಡುತ್ತೇನೆ ಅಂತಿದ್ದಾನೆ. ಕ್ಯಾಬಿನೆಟ್ ಮೇಲೆ ಕೀ ಇರುವ ಸ್ಟಿಕ್ಕರ್ ಇನ್ನೂ ಚೆನ್ನಾಗಿದೆ. ಮಾಡಿಸಲಾ?
(ಹಾರ್ಡ್‌ವೇರ್ ಅಂಗಡಿ ಮಾಲೀಕರು, ಹುಬ್ಬಳ್ಳಿ)

ಉತ್ತರ: ಹುಡುಗ ಹೇಳಿದ್ದು ಆಗುವಂಥ ಕೆಲಸವೇ ಸರ್. ಡಿಸ್ಕ್2ವಿಎಚ್‌ಡಿ ಅಂತ ಒಂದು ಪುಟ್ಟ ಪ್ರೋಗ್ರಾಂ ಇದೆ, ಓಡುತ್ತಿರುವ ವಿಂಡೋಸನ್ನು ಹಾಗೇ ಎತ್ತಿ ವರ್ಚುವಲ್ ಡಿಸ್ಕ್ ಫೈಲ್ ಮಾಡಿಕೊಡುತ್ತದೆ. ಮೈಕ್ರೋಸಾಫ್ಟ್‌ನ ಸಿಸ್ಇಂಟರ್ನಲ್ಸ್ ತಂಡವೇ ಅದನ್ನು ಉಚಿತವಾಗಿ ಹಂಚುತ್ತದೆ. ಮಜಾ ಏನು ಗೊತ್ತಾ? ಆ ಪ್ರೋಗ್ರಾಂನ ಪರಿಚಯದಲ್ಲೇ ಒಂದು ಎಚ್ಚರಿಕೆ ಇದೆ: ಎಕ್ಸ್‌ಪಿ, ವಿಸ್ತಾ, 7, ಇವುಗಳ ಓಇಎಂ ಪ್ರತಿಗಳನ್ನು ವರ್ಚುವಲ್ ಡಿಸ್ಕ್‌ಗೆ ಸಾಗಿಸುವಂತಿಲ್ಲ, ಪೂರ್ತಿ ರೀಟೇಲ್ ಪ್ರತಿ ಇದ್ದವರಿಗೆ ಮತ್ತು ಸಾಫ್ಟ್‌ವೇರ್ ಅಶ್ಯೂರೆನ್ಸ್ ಅನ್ನುವ ಹೆಚ್ಚುವರಿ ಯೋಜನೆ ಕೊಂಡ ಕಂಪನಿಗಳಿಗೆ ಮಾತ್ರ ಅಂತ. ಸಾಧನ ಕೊಟ್ಟವರೂ ಅವರೇ, ಬೇಡ ಅಂದವರೂ ಅವರೇ. ಮೇಲಿನ ಉತ್ತರದಲ್ಲಿ ಹೇಳಿದ ವಿಂಡೋಸ್ 7ರ ಒಪ್ಪಂದದ ಜೊತೆ ಇದನ್ನು ಇಟ್ಟು ನೋಡಿದರೆ ಒಂದಕ್ಕೊಂದು ತಾಳೆಯೇ ಆಗುವುದಿಲ್ಲ.

ನಿಮ್ಮ ವಿಷಯದಲ್ಲಿ ಮಾತ್ರ ಎರಡೂ ಒಂದೇ ಉತ್ತರ ಕೊಡುತ್ತವೆ. ನೀವು ಹೋಗುತ್ತಿರುವುದು ಹೊಸ ಕಂಪ್ಯೂಟರ್‌ಗೆ. ಓಇಎಂ ಲೈಸೆನ್ಸ್ ಅಲ್ಲಿಗೆ ಬರುವುದಿಲ್ಲ. ಸ್ಟಿಕ್ಕರ್ ಕಿತ್ತು ಹೊಸ ಕ್ಯಾಬಿನೆಟ್‌ಗೆ ಅಂಟಿಸಿದರೂ ಬರುವುದಿಲ್ಲ (ಇದನ್ನು ಮಾಡಿದವರು ಇದ್ದಾರೆ, ಅದಕ್ಕೆ ಹೇಳಿದೆ). ದೊಡ್ಡ ಬ್ರಾಂಡಿನ ಕಂಪ್ಯೂಟರ್ ಆಗಿದ್ದರೆ ಆಕ್ಟಿವೇಶನ್ ಕೂಡ ಬಯೋಸ್ (ಹಳೆಯ ಬಗೆಯ ಫರ್ಮ್‌ವೇರ್) ಒಳಗಿನ ಗುರುತಿಗೆ ಹೊಂದಿಕೊಂಡಿರುತ್ತದೆ. ವಿಎಂಗೆ ಹೋದ ತಕ್ಷಣ ಮತ್ತೆ ಆಕ್ಟಿವೇಟ್ ಮಾಡು ಅಂತ ಕೇಳಲು ಶುರು ಮಾಡುತ್ತದೆ.

ಆದರೆ ಡಿಸ್ಕಿನ ಪ್ರತಿಯನ್ನು ಇವತ್ತೇ ಮಾಡಿಸಿ ಇಟ್ಟುಕೊಳ್ಳಿ. ಬ್ಯಾಕಪ್ ಇಟ್ಟುಕೊಳ್ಳುವುದು ಬೇರೆ, ಅದನ್ನು ಬೇರೆ ಯಂತ್ರದಲ್ಲಿ ಓಡಿಸುವುದು ಬೇರೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲೇ ಇದಕ್ಕೆ ಅವಕಾಶ ಇದೆ: ನ್ಯಾಯವಾಗಿ ಪ್ರೋಗ್ರಾಂ ಹೊಂದಿರುವವರು ಹಾಳಾದರೆ, ಕಳೆದುಹೋದರೆ ಅಂತ ರಕ್ಷಣೆಗೆ ಪ್ರತಿ ಮಾಡಿಟ್ಟುಕೊಳ್ಳಬಹುದು. ಇನ್ನು ನಿಮ್ಮ ಲೆಕ್ಕದ ಫೈಲ್‌ಗಳು ನಿಮ್ಮವೇ, ಅವನ್ನು ಎಲ್ಲಿಗೆ ಬೇಕಾದರೂ ಒಯ್ಯಿರಿ.

ಸಾಫ್ಟ್‌ವೇರ್ ಓಡಲೇಬೇಕು ಅಂದರೆ, ಮೊದಲು ಅದನ್ನು ಹೊಸ ಕಂಪ್ಯೂಟರ್‌ನ ವಿಂಡೋಸ್ 11 ಮೇಲೆ ನೇರವಾಗಿ ಹಾಕಿ ನೋಡಿ. ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ ಹಳೆಯ ಎಷ್ಟೋ ಪ್ರೋಗ್ರಾಂಗಳು ತಕರಾರಿಲ್ಲದೆ ನಡೆಯುತ್ತವೆ, ಜನ ಪ್ರಯತ್ನವೇ ಮಾಡದೆ ವಿಎಂಗೆ ಓಡುತ್ತಾರೆ. ಆಗಲಿಲ್ಲವೋ, ಅಂಗಡಿಯಲ್ಲಿ ಡಬ್ಬಿಯಲ್ಲಿ ಕೊಂಡ ರೀಟೇಲ್ ವಿಂಡೋಸ್ 7 ಎಲ್ಲಾದರೂ ಇದೆಯಾ ಹುಡುಕಿ. ಅದನ್ನು ಹಳೆಯದರಿಂದ ತೆಗೆದು ಹೊಸದರ ವಿಎಂನಲ್ಲಿ ಹಾಕಬಹುದು. ಹಾಕಿದ ಮೇಲೆ ಆ ವಿಎಂಗೆ ಇಂಟರ್‌ನೆಟ್ ಕೊಡಬೇಡಿ. ವಿಂಡೋಸ್ 7ಕ್ಕೆ ಸುರಕ್ಷತಾ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿದೆ.

ಪ್ರಶ್ನೆ: ಹಳೇ ವಿಂಡೋಸ್ 7 ಜೊತೆ ‘ಎಕ್ಸ್‌ಪಿ ಮೋಡ್’ ಅಂತ ಉಚಿತ ಎಕ್ಸ್‌ಪಿ ಬರುತ್ತಿತ್ತು. ಅದನ್ನೇ ಈಗ ವಿಂಡೋಸ್ 10ರಲ್ಲಿ ವರ್ಚುವಲ್‌ಬಾಕ್ಸ್‌ಗೆ ಹಾಕಿಕೊಳ್ಳಬಹುದು ಅಂತ ಗೆಳೆಯ ಹೇಳಿದ.
(ಓದುಗರು, ಶಿರಸಿ)

ಉತ್ತರ: ಹಾಕಲು ಬರುತ್ತದೆ, ಹಕ್ಕಿಲ್ಲ. ಆ ಎಕ್ಸ್‌ಪಿಯನ್ನು ಕೊಟ್ಟದ್ದು ವಿಂಡೋಸ್ 7ರ ಪ್ರೊಫೆಶನಲ್ ಮತ್ತು ಮೇಲಿನ ಆವೃತ್ತಿ ಇದ್ದವರಿಗೆ, ಅದರ ಒಳಗೇ ಬಳಸಲಿ ಅಂತ. ಕೆಳಗಿನ ವಿಂಡೋಸ್ 7 ಹೋದರೆ ಅದರ ಜೊತೆ ಇದೂ ಹೋಯಿತು. ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲ್‌ನಲ್ಲೇ ಮುಗಿದಿದೆ, ಅದು ಬೇರೆ.

ಪ್ರಶ್ನೆ: ನಾನು ಮ್ಯೂನಿಕ್‌ನಲ್ಲಿದ್ದೇನೆ. ಇಲ್ಲಿ ಹಳೆಯ ಕಂಪ್ಯೂಟರ್‌ಗಳ ಓಇಎಂ ಲೈಸೆನ್ಸ್‌ಗಳನ್ನು ಬಿಡಿಯಾಗಿ ರಾಜಾರೋಷವಾಗಿ ಮಾರುತ್ತಾರೆ, ಕಾನೂನು ಪ್ರಕಾರ ಸರಿ ಅಂತಾರೆ. ಊರಿನಲ್ಲಿ ತಮ್ಮನಿಗೂ ಒಂದು ಕಳಿಸೋಣ ಅಂತಿದ್ದೇನೆ, ವಿಎಂಗೆ ಹಾಕಿಕೊಳ್ಳಲಿ.
(ಓದುಗರು, ಜರ್ಮನಿ)

ಉತ್ತರ: ಅಲ್ಲಿ ಹೇಳುವುದು ನಿಜ. ಜರ್ಮನಿಯ ಸುಪ್ರೀಂ ಕೋರ್ಟ್ 2000ದ ಜುಲೈ 6ರಂದು ಒಂದು ತೀರ್ಪು ಕೊಟ್ಟಿತು. ಓಇಎಂ ವಿಂಡೋಸನ್ನು ಹೊಸ ಕಂಪ್ಯೂಟರ್ ಜೊತೆಗೆ ಮಾತ್ರ ಮಾರಬೇಕು ಅಂತ ಮೈಕ್ರೋಸಾಫ್ಟ್ ತನ್ನ ಜೊತೆ ಒಪ್ಪಂದವೇ ಇಲ್ಲದ ವ್ಯಾಪಾರಿಗಳನ್ನು ಕಾಪಿರೈಟ್ ಹೆಸರಿನಲ್ಲಿ ಕಟ್ಟಿಹಾಕುವಂತಿಲ್ಲ ಅಂತ. ಒಮ್ಮೆ ಒಪ್ಪಿಗೆ ಕೊಟ್ಟು ಮಾರುಕಟ್ಟೆಗೆ ಬಿಟ್ಟ ಮೇಲೆ ಆ ಪ್ರತಿ ಮುಂದೆ ಯಾರ ಕೈಗೆ ಹೋಗುತ್ತದೆ ಅನ್ನುವುದರ ಮೇಲೆ ಹಿಡಿತ ಮುಗಿಯಿತು ಅನ್ನುವ ತತ್ವ. 2012ರ ಜುಲೈ 3ರಂದು ಯುರೋಪಿನ ನ್ಯಾಯಾಲಯ ಯೂಸ್ಡ್‌ಸಾಫ್ಟ್ ಮತ್ತು ಒರಾಕಲ್ ನಡುವಿನ ಪ್ರಕರಣದಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಡೌನ್‌ಲೋಡ್ ಮಾಡಿದ ಸಾಫ್ಟ್‌ವೇರ್ ಆದರೂ, ದುಡ್ಡು ಕೊಟ್ಟು ಶಾಶ್ವತವಾಗಿ ಪಡೆದಿದ್ದರೆ ಅದು ಮಾರಾಟವೇ, ಕೊಂಡವನು ಮತ್ತೆ ಮಾರಬಹುದು. ಆದರೆ ತನ್ನ ಹತ್ತಿರದ ಪ್ರತಿಯನ್ನು ಬಳಸಲು ಬಾರದ ಹಾಗೆ ಮಾಡಬೇಕು. ನೂರು ಜನಕ್ಕೆ ಅಂತ ಕೊಂಡ ಒಂದೇ ಲೈಸೆನ್ಸನ್ನು ಒಡೆದು ಮೂವತ್ತು ಮಾರುವುದಕ್ಕೂ ಒಪ್ಪಲಿಲ್ಲ.

ಹಾಗಾಗಿ ನಿಮಗೆ ಅಲ್ಲಿ ಒಳ್ಳೆಯ ನೆಲೆ ಇದೆ. ಕೊಳ್ಳುವಾಗ ಆ ಲೈಸೆನ್ಸ್ ಎಲ್ಲಿಂದ ಬಂತು, ಮೊದಲಿನವರು ಅಳಿಸಿದ್ದಾರಾ ಅನ್ನುವುದಕ್ಕೆ ಕಾಗದ ಕೇಳಿ. ಬರೀ ಇಪ್ಪತ್ತೈದು ಅಕ್ಷರದ ಕೀಯನ್ನು ಮೆಸೇಜ್‌ನಲ್ಲಿ ಕಳಿಸುವವರು ಇದ್ಯಾವುದನ್ನೂ ಕೊಡುವುದಿಲ್ಲ.

ತಮ್ಮನಿಗೆ ಕಳಿಸುವುದು ಬೇಡ. ಆ ತೀರ್ಪುಗಳು ಯುರೋಪಿನೊಳಗಿನವು, ವಿಮಾನ ಹತ್ತಿ ಬರುವುದಿಲ್ಲ. ನಮ್ಮಲ್ಲಿ 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಸಾಫ್ಟ್‌ವೇರ್ ಬಗ್ಗೆ ದೊಡ್ಡ ತೀರ್ಪು ಕೊಟ್ಟಿದೆ ನಿಜ. ವಿದೇಶಿ ಸಾಫ್ಟ್‌ವೇರ್ ತರಿಸಿಕೊಂಡಾಗ ಕೊಡುವ ದುಡ್ಡು ರಾಯಧನ ಅಂತ ನಮ್ಮ ಕರ್ನಾಟಕ ಹೈಕೋರ್ಟ್ ಹೇಳಿದ್ದನ್ನು ಪಕ್ಕಕ್ಕಿಟ್ಟು, ಬಳಸುವವನಿಗೆ ಕಾಪಿರೈಟ್‌ನ ಯಾವ ಹಕ್ಕೂ ದಾಟುವುದಿಲ್ಲ, ಅದು ಬರೀ ಒಂದು ಪ್ರತಿಯ ಬೆಲೆ ಅಂದಿತು. ಓದಿದರೆ ಯುರೋಪಿನ ಮಾತಿನ ಹಾಗೇ ಕೇಳುತ್ತದೆ. ಆದರೆ ಅಲ್ಲಿ ಇದ್ದ ಪ್ರಶ್ನೆ ಆದಾಯ ತೆರಿಗೆಯದು, ತಮ್ಮನ ವಿಎಂದಲ್ಲ. ಅದನ್ನು ಹಿಡಿದುಕೊಂಡು ಓಇಎಂ ಕೀ ಬಿಡಿಸಿ ಮಾರಬಹುದು ಅನ್ನಲಾಗದು.

ಪ್ರಶ್ನೆ: ನಮ್ಮದು ಕಂಪ್ಯೂಟರ್ ತರಬೇತಿ ಕೇಂದ್ರ. 20 ಕಂಪ್ಯೂಟರ್, ಎಲ್ಲದರಲ್ಲೂ ಕೊಂಡಾಗಲೇ ಬಂದ ವಿಂಡೋಸ್ 11 ಪ್ರೊ. ಒಂದು ಒಳ್ಳೆ ಸರ್ವರ್ ತಂದು ಅದರಲ್ಲಿ 20 ವಿಂಡೋಸ್ ವಿಎಂ ಮಾಡಿ ಮಕ್ಕಳಿಗೆ ಕೊಡೋಣ ಅಂತ. 20 ಲೈಸೆನ್ಸ್ ಇದ್ದೇ ಇದೆಯಲ್ಲ?
(ಮೈಸೂರು)

ಉತ್ತರ: ಮೇಡಂ, ಆ 20 ಲೈಸೆನ್ಸ್ ಆ 20 ಕಂಪ್ಯೂಟರ್‌ಗಳಲ್ಲೇ ಉಳಿಯುತ್ತವೆ. ಒಂದನ್ನೂ ಸರ್ವರ್‌ಗೆ ಎತ್ತಿಕೊಂಡು ಹೋಗುವಂತಿಲ್ಲ. ಪ್ರೊ ಇದೆ ಅನ್ನುವ ಕಾರಣಕ್ಕೆ ಸರ್ವರ್‌ನಲ್ಲಿರುವ ವಿಂಡೋಸ್ 11 ವಿಎಂ ಬಳಸುವ ಹಕ್ಕೂ ಸಿಗುವುದಿಲ್ಲ. ಅದಕ್ಕೆ ವಿಂಡೋಸ್ ಎಂಟರ್‌ಪ್ರೈಸ್‌ನ ಚಂದಾ ಅಥವಾ ವಿಡಿಎ ಅನ್ನುವ ಬೇರೆ ಲೈಸೆನ್ಸ್ ಬೇಕು. ಅವು ವರ್ಷ ವರ್ಷ ಕಟ್ಟುವಂಥವು.

ಇನ್ನೊಂದು ದಾರಿ ವಿಂಡೋಸ್ ಸರ್ವರ್. ಸ್ಟ್ಯಾಂಡರ್ಡ್ ಆವೃತ್ತಿಗೆ ಯಂತ್ರದ ಪ್ರೊಸೆಸರ್‌ನ ಎಲ್ಲಾ ಕೋರ್‌ಗಳಿಗೂ ಲೈಸೆನ್ಸ್ ಕೊಳ್ಳಬೇಕು, ಒಂದು ಸರ್ವರ್‌ಗೆ ಕನಿಷ್ಠ 16 ಕೋರ್. ಹಾಗೆ ಕೊಂಡರೆ ಎರಡು ಸರ್ವರ್ ವಿಎಂ ಓಡಿಸಬಹುದು. ಡೇಟಾಸೆಂಟರ್ ಆವೃತ್ತಿಯಲ್ಲಿ ಲೆಕ್ಕವೇ ಇಲ್ಲ, ಬೆಲೆಯೂ ಹಾಗೇ ಇದೆ. ನಿಮಗೆ 20 ವಿಎಂ ಬೇಕಿಲ್ಲ, ಒಂದೇ ಸರ್ವರ್‌ಗೆ 20 ಜನ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಸೇರಿಕೊಂಡರೂ ಸಾಕು. ಆದರೆ ಆಗಲೂ ಪ್ರತಿಯೊಬ್ಬರಿಗೆ ಅಥವಾ ಪ್ರತಿ ಕಂಪ್ಯೂಟರ್‌ಗೆ ಒಂದು ಸರ್ವರ್ ಕ್ಯಾಲ್ (ಸರ್ವರ್‌ಗೆ ಸೇರಿಕೊಳ್ಳುವ ಲೈಸೆನ್ಸ್), ಅದರ ಮೇಲೆ ಒಂದು ರಿಮೋಟ್ ಡೆಸ್ಕ್‌ಟಾಪ್ ಕ್ಯಾಲ್. ಕೊಟೇಶನ್‌ನಲ್ಲಿ ಈ ಎರಡನೆಯದು ಬಿಟ್ಟುಹೋಗಿರುತ್ತದೆ, ನೋಡಿಕೊಳ್ಳಿ.

ನನ್ನನ್ನು ಕೇಳಿದರೆ ಸರ್ವರ್ ಯೋಚನೆ ಬಿಡಿ. ಇರುವ 20 ಕಂಪ್ಯೂಟರ್ ಮೇಲೆ ವಿಂಡೋಸ್ ಹಾಗೇ ಇರಲಿ. ಪ್ರೊ ಇರುವುದರಿಂದ ವಿಎಂ ಮಾಡುವ ಹೈಪರ್-ವಿ ಅದರಲ್ಲೇ ಇದೆ. ಮಕ್ಕಳಿಗೆ ಕೆಡವಿ ಕಟ್ಟಿ ಕಲಿಯಲು ಲಿನಕ್ಸ್ ವಿಎಂ ಕೊಡಿ. ವಿಂಡೋಸ್‌ನಲ್ಲೇ ಕೆಡವಬೇಕು ಅಂದರೆ ಸ್ಯಾಂಡ್‌ಬಾಕ್ಸ್ ಇದೆ. 2019ರಲ್ಲಿ ವಿಂಡೋಸ್ 10ಕ್ಕೆ ಬಂತು, ಪ್ರೊ ಮತ್ತು ಮೇಲಿನವುಗಳಲ್ಲಿ ಸಿಗುತ್ತದೆ. ತೆರೆದಾಗ ಹೊಸ ವಿಂಡೋಸ್, ಮುಚ್ಚಿದರೆ ಎಲ್ಲಾ ಮಾಯ. ಅದು ವಿಂಡೋಸ್‌ನದೇ ಭಾಗ, ಬೇರೆ ಲೈಸೆನ್ಸ್ ಬೇಡ.

ಪ್ರಶ್ನೆ: ಮ್ಯಾಕ್ ವಿಷಯ ಹೇಗೆ? ಮ್ಯಾಕ್‌ಬುಕ್ ಒಳಗೆ ಇನ್ನೊಂದು ಮ್ಯಾಕ್‌ಓಎಸ್ ಹಾಕಬಹುದಾ? ಮಾಮೂಲಿ ಪಿಸಿಯ ವಿಎಂನಲ್ಲಿ? ಮ್ಯಾಕ್ ಒಳಗೆ ವಿಂಡೋಸ್?
(ಆಪ್ ಡೆವಲಪರ್, ಬೆಂಗಳೂರು)

ಉತ್ತರ: ಮೊದಲನೆಯದಕ್ಕೆ ಹೌದು. 2011ರ ಲಯನ್ ಆವೃತ್ತಿಯಿಂದ ಆಪಲ್ ಇದನ್ನು ಒಪ್ಪಂದದಲ್ಲೇ ಬರೆದಿದೆ. ನಿಮ್ಮ ಆಪಲ್ ಕಂಪ್ಯೂಟರ್ ಮೇಲೆ ಇರುವುದಲ್ಲದೆ ಇನ್ನೂ ಎರಡು ಪ್ರತಿ ವಿಎಂನಲ್ಲಿ ಓಡಿಸಬಹುದು, ಸಾಫ್ಟ್‌ವೇರ್ ಬರೆಯಲು, ಪರೀಕ್ಷಿಸಲು ಅಥವಾ ವ್ಯಾಪಾರಕ್ಕಲ್ಲದ ಸ್ವಂತ ಬಳಕೆಗೆ. ಆಪಲ್‌ನದೇ ಚಿಪ್ ಇರುವ ಮ್ಯಾಕ್‌ಗಳಲ್ಲಿ ಮೂರನೆಯದನ್ನು ಶುರು ಮಾಡಲು ಹೋದರೆ ಸಿಸ್ಟಂ ತಾನೇ ಬಿಡುವುದಿಲ್ಲ. ವಿಂಡೋಸ್‌ಗಿಂತ ಇದು ಎಷ್ಟೋ ನೇರ.

ಎರಡನೆಯದಕ್ಕೆ ಇಲ್ಲ. ಆಪಲ್ ಹೆಸರಿನ ಯಂತ್ರ ಅಲ್ಲದಿದ್ದರೆ ಇಲ್ಲ, ಅಷ್ಟೇ.

ಮೂರನೆಯದು: 2023ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಒಂದು ದಾರಿ ಅಧಿಕೃತ ಮಾಡಿತು. ಆಪಲ್ ಚಿಪ್‌ನ ಮ್ಯಾಕ್‌ಗಳಲ್ಲಿ, ಪ್ಯಾರಲಲ್ಸ್ ಡೆಸ್ಕ್‌ಟಾಪ್ ಅನ್ನುವ ವಿಎಂ ಪ್ರೋಗ್ರಾಂ ಒಳಗೆ ವಿಂಡೋಸ್ 11ರ ಆರ್ಮ್ (ಆ ಬಗೆಯ ಚಿಪ್‌ನ) ಆವೃತ್ತಿ, ಪ್ರೊ ಅಥವಾ ಎಂಟರ್‌ಪ್ರೈಸ್. ಲೈಸೆನ್ಸ್ ನೀವು ಬೇರೆ ಕೊಳ್ಳಬೇಕು. ಮ್ಯಾಕ್ ಜೊತೆ ವಿಂಡೋಸ್ ಬಂದೇ ಇಲ್ಲ, ಮನೆಯಲ್ಲಿರುವ ಹಳೇ ಲ್ಯಾಪ್‌ಟಾಪ್‌ನ ಕೀ ಇಲ್ಲಿಗೆ ಸಲ್ಲುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲಾ ಬರೆಯುತ್ತೀರಿ, ಮನೆಯಲ್ಲಿ ಯಾರು ಬಂದು ನೋಡ್ತಾರೆ ಸ್ವಾಮಿ?
(ಹೆಸರು, ಊರು ಎರಡೂ ಬರೆದಿಲ್ಲ)

ಉತ್ತರ: ಮನೆಗೆ ಯಾರೂ ಬರುವುದಿಲ್ಲ, ಸುಮ್ನೆ ಹೆದರಿಸುವುದಿಲ್ಲ. ಮೇಲೆ ದಾವಣಗೆರೆಯ ಹುಡುಗನ ಪ್ರಶ್ನೆಯಂಥವು ಕೋರ್ಟಿಗೆ ಹೋಗುವ ವಿಷಯವೂ ಅಲ್ಲ. ಆದರೆ ಆಫೀಸು, ತರಬೇತಿ ಕೇಂದ್ರ, ಆಡಿಟರ್ ಕಚೇರಿ ಬೇರೆ. ಕಂಪನಿಗಳಿಗೆ ಲೈಸೆನ್ಸ್ ಲೆಕ್ಕ ಕೊಡಿ ಅಂತ ಪತ್ರ ಬರುವುದಿದೆ. ಕಾಪಿರೈಟ್ ಕಾಯ್ದೆಯ 63ಬಿ ಸೆಕ್ಷನ್ ಪ್ರಕಾರ ಕದ್ದ ಪ್ರತಿ ಅಂತ ಗೊತ್ತಿದ್ದೂ ಕಂಪ್ಯೂಟರ್‌ನಲ್ಲಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕೆ ಅಲ್ಲ ಅಂತಾದರೆ ಕೋರ್ಟ್ ಜೈಲು ಬಿಟ್ಟು 50,000ದವರೆಗಿನ ದಂಡಕ್ಕೆ ನಿಲ್ಲಿಸಬಹುದು. ‘ಗೊತ್ತಿದ್ದೂ’ ಅನ್ನುವುದನ್ನು ಸಾಬೀತು ಮಾಡಬೇಕು. ಓಇಎಂ ಕೀಯನ್ನು ತಪ್ಪು ಡಿವೈಸ್‌ನಲ್ಲಿ ಹಾಕಿದ್ದು ಒಪ್ಪಂದ ಮುರಿದದ್ದೋ, ಕಾಪಿರೈಟ್ ಉಲ್ಲಂಘನೆಯೋ ಅಂತ ವಕೀಲರು ವಾದ ಮಾಡಿಕೊಳ್ಳಲಿ. ನೀವು ಅಂಗಡಿ ಇಟ್ಟವರಾದರೆ ಒಂದು ರೀಟೇಲ್ ಲೈಸೆನ್ಸ್ ತಗೊಂಡು ಬಿಲ್ ಫೈಲ್ ಮಾಡಿಡಿ.

ಮುಂದಿನ ಸಂಚಿಕೆಗೆ ಪ್ರಿಂಟರ್ ಮತ್ತು ಇಂಕ್ ಬಗ್ಗೆ ಪ್ರಶ್ನೆಗಳನ್ನು ಕಳಿಸಿ. ಮಾಡೆಲ್ ಹೆಸರು ಬರೆಯುವುದು ಮರೆಯಬೇಡಿ.